ನೋಟ್‌ಬುಕ್ಕಿನಿಂದ ಟೇಪಿಗೆ: ಗ್ರೇಸ್ ಹಾಪರ್

ಪ್ರಾಜೆಕ್ಟ್ ರೆಪೊ ಕ್ಲೋನ್ ಮಾಡಿ ‘ಮೇಕ್’ ಅಂತ ಹೊಡೆದರೆ ಬಿಲ್ಡ್ ಶುರು. ಯಾರ ಕೋಡು ಎಲ್ಲಿ ಸೇರಬೇಕು ಅಂತ ನಾವು ತಲೆ ಕೆಡಿಸಿಕೊಳ್ಳೋದೇ ಇಲ್ಲ. ಆ ತಲೆನೋವನ್ನು ಯಂತ್ರಕ್ಕೇ ಕಟ್ಟಿದ ಮೊದಲಿಗರಲ್ಲಿ ಗ್ರೇಸ್ ಹಾಪರ್ ಒಬ್ಬರು.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಹಾಪರ್, ವ್ಯಾಸರ್ ಕಾಲೇಜಿನಲ್ಲಿ ಗಣಿತದ ಮೇಡಂ. ಯುದ್ಧಕಾಲದಲ್ಲಿ ಪಾಠ ಬಿಟ್ಟು ನೌಕಾಪಡೆ ಸೇರಿದರು; 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಮುಂದೆ ನಿಂತರು. ಆಗಿನ ರೆಪೊ ಅಂದರೆ ನೋಟ್‌ಬುಕ್ಕು! ಸೈನ್ ಬೆಲೆ ತೆಗೆಯೋ ಕೋಡ್ ಬೇಕಾ? ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳಬೇಕು. 1949ರಲ್ಲಿ ಎಕರ್ಟ್-ಮಾಕ್ಲಿ ಕಂಪನಿಗೆ ಹೋಗಿ ಯುನಿವಾಕ್ ಮೇಲೆ ಕೆಲಸ ಮಾಡುವಾಗಲೂ ಅದೇ ಪಾಡು. ನೋಡಿ ಬರೆಯುವಾಗ ಅಕ್ಷರ ತಪ್ಪೋದು, ಹೊಸ ಜಾಗಕ್ಕೆ ತಕ್ಕಂತೆ ಮೆಮೊರಿ ವಿಳಾಸ ಕೂಡುವಾಗ ಲೆಕ್ಕ ತಪ್ಪೋದು. (ಲ್ಯಾಬ್ ರೆಕಾರ್ಡ್ ಬರೆದ ನಮಗಿದು ಹೊಸದಲ್ಲ.)

ಕೂಡೋದು, ನಕಲು ಮಾಡೋದು ಯಂತ್ರಕ್ಕೇ ಬರುತ್ತಲ್ಲ! 1952ರಲ್ಲಿ ಹಾಪರ್ ಸಬ್‌ರೂಟೀನ್‌ಗಳನ್ನು ಟೇಪಿಗೆ ಹಾಕಿ, ಒಂದೊಂದಕ್ಕೂ ಒಂದು ನಂಬರ್ ಕೊಟ್ಟರು. ನಂಬರ್ ಬರೆದರೆ ಸಾಕು, ಎ-0 ಎಂಬ ಪ್ರೋಗ್ರಾಂ ಆ ತುಣುಕುಗಳನ್ನು ಹುಡುಕಿ, ವಿಳಾಸ ಸರಿಮಾಡಿ, ಜೋಡಿಸಿ ಕೊಡುತ್ತಿತ್ತು. ಅದನ್ನವರು ಕಂಪೈಲರ್ ಅಂದರು. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್‌ಗೇ ಹತ್ತಿರ. ಕಂಪ್ಯೂಟರ್ ಲೆಕ್ಕ ಮಾಡುತ್ತೆ, ಪ್ರೋಗ್ರಾಂ ಬರೆಯುತ್ತಾ ಅಂತ ಜನ ನಂಬಲಿಲ್ಲ.

ಹಾಪರ್ ಬಿಡಲಿಲ್ಲ. ಮುಂದೆ ಫ್ಲೋ-ಮ್ಯಾಟಿಕ್ ಭಾಷೆ, ಅದರ ಜಾಡಿನಲ್ಲೇ ಕೋಬಾಲ್. ನಿವೃತ್ತಿಯಾದವರನ್ನು 1967ರಲ್ಲಿ ಆರು ತಿಂಗಳ ಮಟ್ಟಿಗೆ ಅಂತ ನೌಕಾಪಡೆ ಮತ್ತೆ ಕರೆಸಿಕೊಂಡಿತು. ಕೊನೆಗೆ ಸಮವಸ್ತ್ರ ಕಳಚಿದ್ದು 1986ರಲ್ಲಿ, 79ರ ವಯಸ್ಸಿನಲ್ಲಿ. 1992ರ ಜನವರಿ 1ರಂದು ತೀರಿಕೊಂಡರು.