ಕಟ್ಟಿಂಗೇರಿಯಿಂದ ಪ್ಯಾರಿಸ್‌ಗೆ: ಕಲಾವಿದ ಕೆ.ಕೆ. ಹೆಬ್ಬಾರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಸಾಫ್ಟ್‌ವೇರ್ ಎಂಜಿನಿಯರ್ ಬರೆಯುತ್ತಾನೆಂದರೆ ಕಂಪ್ಯೂಟರ್ ಕುರಿತೇ ಇರಬೇಕೆಂದು ಹಲವರು ಭಾವಿಸಿರಬಹುದು. ನಾನು ಆರಿಸಿಕೊಂಡಿರುವುದು ಒಬ್ಬ ಚಿತ್ರಕಾರರನ್ನು. ಹಳ್ಳಿಯಲ್ಲಿ ಹುಟ್ಟಿ, ಹೊರಗಿನವರ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತು, ಕೊನೆಗೆ ತಮ್ಮದೇ ದಾರಿ ಕಂಡುಕೊಂಡ ಕೆ.ಕೆ. ಹೆಬ್ಬಾರರ ಬದುಕು, ಕುದೇರಿನಿಂದ ಓದಿ ಹೊರಟ ನಮ್ಮಂಥವರಿಗೂ ಸಂಬಂಧಪಟ್ಟದ್ದು ಎಂದು ನನ್ನ ನಂಬಿಕೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ತಂದೆಯವರು ಗಣಪತಿಯ ವಿಗ್ರಹಗಳನ್ನು ಮಾಡುತ್ತಿದ್ದರು. ಮನೆಯೊಳಗೆ ಜೇಡಿಮಣ್ಣು ಮತ್ತು ಬಣ್ಣ, ಹೊರಗೆ ರಾತ್ರಿಯಿಡೀ ಯಕ್ಷಗಾನದ ವೇಷ, ಕುಣಿತ, ಚೆಂಡೆ. ನಮ್ಮ ಕಡೆಯ ಮಕ್ಕಳ ಕಿವಿಗೆ ಕಂಸಾಳೆಯ ನಾದ ಹೇಗೋ, ಅವರಿಗೆ ಯಕ್ಷಗಾನ ಹಾಗೆ.

ಮುಂದೆ ಬೊಂಬಾಯಿಯ ಜೆ.ಜೆ. ಕಲಾಶಾಲೆ ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. ಅದೇ ಶಾಲೆಯಲ್ಲಿ ಕೆಲವು ವರ್ಷ ಪಾಠವನ್ನೂ ಹೇಳಿದರು. ಅಲ್ಲಿ ಕಲಿಸುತ್ತಿದ್ದುದು ಮುಖ್ಯವಾಗಿ ಯುರೋಪಿನ ಸಾಂಪ್ರದಾಯಿಕ ಪದ್ಧತಿ: ಕಂಡದ್ದನ್ನು ಕಂಡಂತೆ, ಅಳತೆ ತಪ್ಪದೆ, ನೆರಳು ಬೆಳಕು ಸರಿಯಾಗಿ ಬರೆಯುವುದು. ಹೆಬ್ಬಾರರಿಗೆ ಅದು ಚೆನ್ನಾಗಿ ಕೈಗೂಡಿತು. ಆದರೂ ಮನಸ್ಸಿಗೆ ತೃಪ್ತಿಯಿರಲಿಲ್ಲ. ಕೈ ಪಳಗಿತ್ತು, ಆದರೆ ಚಿತ್ರದಲ್ಲಿ ತಮ್ಮ ನೆಲದ ಗುರುತೇ ಇಲ್ಲ ಅನ್ನಿಸತೊಡಗಿತು.

ವಿಚಿತ್ರವೆಂದರೆ, ಆ ಹೊತ್ತಿಗೆ ಯುರೋಪಿನ ಹೊಸ ಕಲಾವಿದರೇ ಆ ಪದ್ಧತಿಯನ್ನು ಬಿಟ್ಟು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿತ್ತು. 1874ರಲ್ಲಿ ಪ್ಯಾರಿಸ್‌ನಲ್ಲಿ ಮೋನೆ ಮತ್ತು ಗೆಳೆಯರು ತಾವೇ ಒಂದು ಪ್ರದರ್ಶನ ಏರ್ಪಡಿಸಿದರು. ವಸ್ತುವಿಗಿಂತ ಅದರ ಮೇಲೆ ಬಿದ್ದ ಬೆಳಕೇ ಅವರಿಗೆ ಮುಖ್ಯ. ಬಿಳಿಗಿರಿರಂಗನ ಬೆಟ್ಟ ದೂರದಿಂದ ಹಸಿರಲ್ಲ, ನೀಲಿಯಾಗಿ ಕಾಣುತ್ತದಲ್ಲವೇ? ಹಾಗೆ ಕಂಡ ಬಣ್ಣವನ್ನೇ ಬಳಿಯುವವರು ಅವರು. ಇವರನ್ನು ಇಂಪ್ರೆಷನಿಸ್ಟರು ಎಂದು ಕರೆದರು. ಅವರ ನಂತರ ಬಂದ ವ್ಯಾನ್‌ಗೋ ಕಣ್ಣಿಗೆ ಕಂಡ ಬಣ್ಣಕ್ಕೆ ಮನಸ್ಸಿನ ತಳಮಳವನ್ನೂ ಸೇರಿಸಿದರು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ ನೋಡಿದಾಗಲೆಲ್ಲ ನನಗೆ ಅವರ ಸೂರ್ಯಕಾಂತಿ ಚಿತ್ರಗಳು ನೆನಪಾಗುತ್ತವೆ. ಷೇರು ವ್ಯವಹಾರದ ನೌಕರಿಯಲ್ಲಿದ್ದ ಗೋಗ್ಯಾಂ ಚಿತ್ರ ಬರೆಯುವುದನ್ನೇ ಬದುಕಾಗಿಸಿಕೊಂಡು 1891ರಲ್ಲಿ ದೂರದ ತಾಹಿತಿ ದ್ವೀಪಕ್ಕೆ ಹೋದರು. ನೆರಳಿನ ಗೊಡವೆಯಿಲ್ಲದೆ ಅಗಲವಾಗಿ ಹರಡಿದ ಗಾಢ ಬಣ್ಣ ಅವರದು. ಆಮೇಲೆ ಪಿಕಾಸೊ ಮತ್ತು ಬ್ರಾಕ್ ಕ್ಯೂಬಿಸಂ ತಂದರು. ಬಿ.ಇ. ಓದಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಕಾಣುವ ನೋಟಗಳನ್ನು ಬೇರೆ ಬೇರೆಯಾಗಿ ಬರೆಯುತ್ತೇವೆ. ಅವರು ಎಲ್ಲವನ್ನೂ ಒಂದೇ ಆಕೃತಿಯಲ್ಲಿ ಕೂಡಿಸಿದರು.

ಹೆಬ್ಬಾರರನ್ನು ಬಹಳವಾಗಿ ಸೆಳೆದವರು ಗೋಗ್ಯಾಂ. ಪ್ಯಾರಿಸ್‌ನಲ್ಲಿ ಕಲಿತು 1934ರಲ್ಲಿ ಭಾರತಕ್ಕೆ ಬಂದು, ನಮ್ಮ ಜನರನ್ನೇ ಹೊಸ ರೀತಿಯಲ್ಲಿ ಚಿತ್ರಿಸಿದ ಅಮೃತಾ ಶೇರ್‌ಗಿಲ್ ಅವರ ಪ್ರಭಾವವೂ ಇತ್ತು. ಜೊತೆಗೆ ಅಜಂತಾದ ಭಿತ್ತಿಚಿತ್ರ, ಜೈನ ಹಸ್ತಪ್ರತಿಗಳ ಚಿತ್ರ, ರಾಜಸ್ಥಾನಿ ಕಿರುಚಿತ್ರಗಳನ್ನು ಅವರು ಅಭ್ಯಾಸ ಮಾಡಿದರು. ಕೇರಳ ಸುತ್ತಿ ಬಂದ ಮೇಲೆ ಬರೆದ ಚಿತ್ರಗಳಲ್ಲಿ ಕೆಂಪು ಮಣ್ಣು, ತೆಂಗು, ದುಡಿಯುವ ಹೆಂಗಸರು ಗಟ್ಟಿ ಬಣ್ಣಗಳಲ್ಲಿ ಕಾಣಿಸಿಕೊಂಡರು.

1949ರಲ್ಲಿ ಅವರು ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್ ಸೇರಿದರು. ಆಗಲೇ ಹೆಸರು ಮಾಡಿದ್ದ, ನಲವತ್ತರ ಹತ್ತಿರದ ಮನುಷ್ಯ ಮತ್ತೆ ವಿದ್ಯಾರ್ಥಿಯಾಗಿ ಕೂತಿದ್ದು ಸಣ್ಣ ಮಾತಲ್ಲ. 1888ರಲ್ಲಿ ಗೋಗ್ಯಾಂ ಮಾರ್ಗದರ್ಶನದಲ್ಲಿ ಬರೆದ ಪುಟ್ಟ ಚಿತ್ರವೊಂದನ್ನು ಸೆರೂಸಿಯೆ ಎಂಬ ಯುವಕ ತಂದು ಗೆಳೆಯರಿಗೆ ತೋರಿಸಿ ಹೊಸ ಗುಂಪು ಕಟ್ಟಿದ್ದೂ ಇದೇ ಶಾಲೆಯ ವಿದ್ಯಾರ್ಥಿಗಳ ನಡುವೆ.

ಪ್ಯಾರಿಸ್‌ನಿಂದ ಬಂದವರು ಪ್ಯಾರಿಸ್‌ನ ಚಿತ್ರಕಾರರಾಗಲಿಲ್ಲ. ಹಸಿವು, ದುಡಿಮೆ, ಜಾತ್ರೆ, ನೃತ್ಯ ಇವೇ ಅವರ ವಸ್ತುಗಳಾಗಿ ಉಳಿದವು. ಲಯವನ್ನು ಅರಿಯಬೇಕೆಂದು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳಲ್ಲಿ ನಾಲ್ಕಾರು ಗೆರೆಗಳಲ್ಲೇ ನರ್ತಕಿ ಎದ್ದು ನಿಲ್ಲುತ್ತಾಳೆ. ಕಟ್ಟಿಂಗೇರಿಯ ಯಕ್ಷಗಾನ ಆ ಗೆರೆಗಳಲ್ಲಿ ಇದೆ ಎಂದೇ ನನಗನ್ನಿಸುತ್ತದೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬೈನಲ್ಲಿ ತೀರಿಕೊಂಡರು. ಅವರ ಕೃತಿಗಳ ಒಂದು ಸಂಗ್ರಹ ಬೆಂಗಳೂರಿನ ವೆಂಕಟಪ್ಪ ಕಲಾಗ್ಯಾಲರಿಗೆ ಸೇರಿದೆ.

ನನ್ನ ಕಸುಬಿನಲ್ಲಿ ನಾವು ಬಳಸುವ ಉಪಕರಣಗಳಲ್ಲಿ ಹೆಚ್ಚಿನವು ಬೇರೆ ದೇಶದವು. ಅವನ್ನು ಕಲಿಯದೆ ಕೆಲಸ ನಡೆಯದು. ಆದರೆ ಕಲಿತ ಮೇಲೆ ಯಾರಿಗಾಗಿ, ಏನನ್ನು ಮಾಡುತ್ತೇವೆ ಎಂಬ ಪ್ರಶ್ನೆ ಉಳಿಯುತ್ತದೆ. ಹೆಬ್ಬಾರರು ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ.

ಗುರುಗಳಲ್ಲಿ, ಪೋಷಕರಲ್ಲಿ ಒಂದು ವಿನಂತಿ. ಪರೀಕ್ಷೆ ಹತ್ತಿರವಾದರೆ ಎಷ್ಟೋ ಕಡೆ ಚಿತ್ರಕಲೆಯ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ನಮ್ಮೂರ ಮಕ್ಕಳಿಗೆ ಆ ನಲವತ್ತು ನಿಮಿಷ ಉಳಿಸಿಕೊಡಿ. ಅರಿಸಿನದ ಹೊಲವನ್ನೋ ಡೇರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತ ಅವ್ವನನ್ನೋ ಅವರು ತಮ್ಮ ಕಣ್ಣಿಗೆ ಕಂಡಂತೆ ಬರೆಯಲಿ. ಅಳತೆ ಆಮೇಲೆ ಕಲಿಯಬಹುದು.