ಆಂಟಿಬಾಡಿ ಎಂದರೆ ಔಷಧಿ ಮಾತ್ರವೇ? ಸೆಸಾರ್ ಮಿಲ್‌ಸ್ಟೀನ್ ಬದುಕು ಹೇಳುವುದೇನು?

ಜ್ವರ ಬಂದು ಜರಗನಹಳ್ಳಿಯ ಯಾವುದಾದರೂ ಲ್ಯಾಬ್‌ಗೆ ಹೋದರೆ ಡೆಂಗ್ಯೂ ಎನ್‌ಎಸ್‌1 ಪರೀಕ್ಷೆ ಮಾಡುತ್ತಾರೆ. ರಕ್ತದಲ್ಲಿ ವೈರಸ್‌ನ ಪ್ರೊಟೀನ್ ಇದೆಯೇ ಎಂದು ಅಲ್ಲಿ ಹುಡುಕಿಕೊಡುವುದು ಆಂಟಿಬಾಡಿ, ಅಂದರೆ ಪ್ರತಿಕಾಯ. ಅದು ನಿಮ್ಮ ದೇಹದ್ದಲ್ಲ, ಹೊರಗೆ ತಯಾರಿಸಿದ್ದು. ಬೇಕಾದ ಒಂದೇ ಬಗೆಯ ಆಂಟಿಬಾಡಿಯನ್ನು ಹೀಗೆ ತಯಾರಿಸುವ ದಾರಿ ತೋರಿಸಿದವರಲ್ಲಿ ಮೊದಲಿಗರು ಸೆಸಾರ್ ಮಿಲ್‌ಸ್ಟೀನ್.

ಮಿಲ್‌ಸ್ಟೀನ್ 1927ರಲ್ಲಿ ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಹುಟ್ಟಿದರು. ತಂದೆ ವಲಸೆ ಬಂದ ಯಹೂದಿ, ತಾಯಿ ಶಿಕ್ಷಕಿ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮಾಡಿ 1961ರಲ್ಲಿ ತಾಯ್ನಾಡಿಗೆ ಮರಳಿದರು. ಮರುವರ್ಷವೇ ಅಲ್ಲಿ ಸೇನಾ ದಂಗೆ ನಡೆಯಿತು. ಸಂಸ್ಥೆಯ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆದಾಗ ಇವರೂ ರಾಜೀನಾಮೆ ಕೊಟ್ಟು ಮತ್ತೆ ಕೇಂಬ್ರಿಡ್ಜ್ ಸೇರಿದರು.

ಆಂಟಿಬಾಡಿ ತಯಾರಿಸುವ ಜೀವಕೋಶ ದೇಹದ ಹೊರಗೆ ಹೆಚ್ಚು ದಿನ ಬದುಕುವುದಿಲ್ಲ. ಕ್ಯಾನ್ಸರ್ ಕೋಶ ಮಾತ್ರ ಬೆಳೆಯುತ್ತಲೇ ಇರುತ್ತದೆ. ಮಿಲ್‌ಸ್ಟೀನ್ ಮತ್ತು ಜರ್ಮನಿಯ ಯುವ ಸಂಶೋಧಕ ಜಾರ್ಜ್ ಕೋಲರ್ ಇವೆರಡನ್ನೂ ಬೆಸೆದರು. ಹುಟ್ಟಿದ ಹೊಸ ಕೋಶ ಸಾಯದೆ, ಒಂದೇ ಬಗೆಯ ಆಂಟಿಬಾಡಿ ಕೊಡುತ್ತಾ ಹೋಯಿತು. ಇದು ಪ್ರಕಟವಾದದ್ದು 1975ರಲ್ಲಿ. ಪೇಟೆಂಟ್ ಆಗಲೇ ಇಲ್ಲ. ಹೀಗಾಗಿ ಯಾವ ಲ್ಯಾಬ್ ಬೇಕಾದರೂ ಈ ವಿಧಾನ ಬಳಸಬಹುದಿತ್ತು. 1984ರಲ್ಲಿ ಇಬ್ಬರಿಗೂ, ನೀಲ್ಸ್ ಜರ್ನೆ ಅವರಿಗೂ ನೊಬೆಲ್ ಬಂತು.

ಇದರಿಂದ ವಿಜ್ಞಾನಿಗಳಿಗೆ ಏನು ಲಾಭ? ಒಂದು ಉದಾಹರಣೆ ನೋಡಿ. ನಮ್ಮ ಕೋಶದೊಳಗೆ ಕೈನೆಸಿನ್ ಎಂಬ ಪ್ರೊಟೀನ್ ಕೂಲಿಯಾಳಿನಂತೆ ಸರಕು ಹೊತ್ತು ಸಾಗುತ್ತದೆ. ಒಂದು ಹೆಜ್ಜೆ ಕೇವಲ 8 ನ್ಯಾನೋಮೀಟರ್. ಬೆನ್ನುಹುರಿಯಿಂದ ಪಾದದವರೆಗೆ ಚಾಚಿರುವ ಸುಮಾರು ಒಂದು ಮೀಟರ್ ಉದ್ದದ ನರತಂತುವಿನಲ್ಲೂ ಇದು ಸರಕು ಸಾಗಿಸುತ್ತದೆ. 1985ರಲ್ಲಿ ಇದು ಪತ್ತೆಯಾದ ಕೆಲವೇ ವರ್ಷಗಳಲ್ಲಿ ಇದಕ್ಕೆ ಮಾತ್ರ ಅಂಟಿಕೊಳ್ಳುವ ಆಂಟಿಬಾಡಿಗಳೂ ಬಂದವು. ಅವುಗಳಿಗೆ ಹೊಳೆಯುವ ಬಣ್ಣ ಸೇರಿಸಿದರೆ, ಕೈನೆಸಿನ್ ಕೋಶದಲ್ಲಿ ಎಲ್ಲಿದೆ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಲವು ಆಂಟಿಬಾಡಿಗಳು ಔಷಧಿ ಹೌದು. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್ ಅಂಥದ್ದು. ಬೆಂಗಳೂರಿನ ಬಯೋಕಾನ್ ಕೂಡ ಅದನ್ನು ತಯಾರಿಸುತ್ತದೆ. ಆದರೆ ಸಂಶೋಧನೆಯ ಆಂಟಿಬಾಡಿ ಹುಡುಕುವ ಸಾಧನ ಮಾತ್ರ. ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿ ಒಪ್ಪಿಗೆ ಪಡೆದಿರುವುದಿಲ್ಲ. ಆನ್‌ಲೈನ್‌ನಲ್ಲಿ ಅಂಥ ಬಾಟಲಿಯ ಚಿತ್ರ ತೋರಿಸಿ ಯಾರಾದರೂ ರೋಗನಿರೋಧಕ ಶಕ್ತಿ ಹೆಚ್ಚಿಸುವ ಮದ್ದು ಎಂದರೆ ನಂಬಬೇಡಿ, ಫಾರ್ವರ್ಡ್ ಮಾಡಬೇಡಿ.

ಮಿಲ್‌ಸ್ಟೀನ್ 2002ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು. ಡೆಂಗ್ಯೂ ಕಾರ್ಡ್ ಅಷ್ಟೇ ಅಲ್ಲ, ಮನೆಯಲ್ಲೇ ಗರ್ಭಧಾರಣೆ ಪರೀಕ್ಷಿಸುವ ಕಿಟ್ ಕೂಡ ಅವರ ವಿಧಾನದ ಫಲವೇ.