ತಂಗಲಿ ತಾಂಡ್ಯದಿಂದ ಲಲಿತಕಲಾ ಕಾಲೇಜಿಗೆ: ನಾಟ್ಯವಿದುಷಿ ವೆಂಕಟಲಕ್ಷ್ಮಮ್ಮ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಲಂಬಾಣಿ ತಾಂಡ್ಯಗಳು ಹೊಸತಲ್ಲ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸಗಳ ಹೇರು ಹೊರಿಸಿಕೊಂಡು ಊರೂರು ಅಲೆದ ಈ ಜನ, ರೈಲು ಬಂದ ಮೇಲೆ ಹೇರಿನ ಕಸುಬು ಕುಸಿದು, ಸಿಕ್ಕ ನೆಲದಲ್ಲಿ ತಾಂಡ್ಯ ಕಟ್ಟಿಕೊಂಡು ನೆಲೆನಿಂತರು. ಕಡೂರಿಗೆ ಸಮೀಪದ ತಂಗಲಿ ತಾಂಡ್ಯ ಅಂಥದೊಂದು. ಅಲ್ಲಿನ ಲಂಬಾಣಿ ಕುಟುಂಬದಲ್ಲಿ 1906ರ ಮೇ 29ರಂದು ಜನಿಸಿದ ಹೆಣ್ಣುಮಗು ಮುಂದೆ ಮೈಸೂರು ಆಸ್ಥಾನದ ವಿದುಷಿಯಾಗಿ, ವಿಶ್ವವಿದ್ಯಾನಿಲಯದ ರೀಡರ್ ಆಗಿ, ಪದ್ಮಭೂಷಣ ಪುರಸ್ಕೃತರಾಗಿ ಬಾಳಿತು. ಡಾ. ಕೆ. ವೆಂಕಟಲಕ್ಷ್ಮಮ್ಮ ಎಂದರೆ ಮೈಸೂರು ಶೈಲಿಯ ಭರತನಾಟ್ಯ ಎನ್ನುವಷ್ಟು ಆ ಹೆಸರು ಪ್ರಸಿದ್ಧ. ಆದರೆ ಅವರು ಕಡೂರಿನವರೆಂಬುದು ಈ ಜಿಲ್ಲೆಯಲ್ಲೇ ಎಷ್ಟು ಮಂದಿಗೆ ಗೊತ್ತು?

ಎಂಟು ವರ್ಷದ ಮೊಮ್ಮಗಳನ್ನು ಅಜ್ಜ ಅಜ್ಜಿಯರು ಮೈಸೂರಿಗೆ ಕರೆತಂದು ಜಟ್ಟಿ ತಾಯಮ್ಮನವರ ಬಳಿ ಸೇರಿಸಿದರು. 1857ರಲ್ಲಿ ಹುಟ್ಟಿದ ತಾಯಮ್ಮ ಕುಸ್ತಿ ಪೈಲ್ವಾನ ದಾಸಪ್ಪನವರ ಮಗಳು. ಆ ವೇಳೆಗಾಗಲೇ ಅರಮನೆಯ ಹೆಸರಾಂತ ನಾಟ್ಯಗಾರ್ತಿ. ಪದ, ಜಾವಳಿ, ಅಷ್ಟಪದಿ, ಅಮರುಶತಕದ ಶ್ಲೋಕಗಳಿಗೆ ಅಭಿನಯ ಹಿಡಿಯುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ‘ಸೊರೊರಿಟಿ’ ಎಂಬ ಸೋದರಿಯರ ಕೂಟಗಳನ್ನು ಕಟ್ಟಿಕೊಳ್ಳುವುದುಂಟು. ಒಟ್ಟಿಗೆ ವಾಸ, ಸೇರುವವರಿಗೆ ವಿಧಿ, ಹಿರಿಯರಿಂದ ಕಿರಿಯರಿಗೆ ಕೈದಾಟುವ ಕಟ್ಟಳೆ ಅವುಗಳ ಲಕ್ಷಣ. ನಮ್ಮ ಕಾಲೇಜುಗಳಲ್ಲಿ ಆ ಪದ್ಧತಿ ಬೇರೂರಲಿಲ್ಲ. ಆದರೆ ಹಾಡುಗಾರಿಕೆ, ನಾಟ್ಯಗಳ ಮನೆಗಳಲ್ಲಿ ಹೆಂಗಸರೇ ಹೆಂಗಸರಿಗೆ ವಿದ್ಯೆ ದಾಟಿಸುವ, ಹೆಚ್ಚುಕಡಿಮೆ ಅಂಥದೇ ಒಂದು ಬಳಗ ಬಹುಕಾಲದಿಂದ ಇತ್ತು. ವ್ಯತ್ಯಾಸ ಒಂದೇ. ಆ ಕೂಟಕ್ಕೆ ಸೇರಿದವಳಿಗೆ ಪ್ರತಿಷ್ಠೆ ಬರುತ್ತಿತ್ತು. ಈ ಬಳಗಕ್ಕೆ ಸೇರಿದವಳ ಕಲೆಗೆ ಚಪ್ಪಾಳೆ ದೊರೆತರೂ ಕುಲೀನ ಗೃಹಸ್ಥರ ಬಾಗಿಲು ತೆರೆಯುತ್ತಿರಲಿಲ್ಲ.

ಬಾಲಕಿ ಮೈಸೂರಿಗೆ ಬಂದ ಕಾಲವೂ ಅನುಕೂಲದ್ದಲ್ಲ. 1909ರಲ್ಲೇ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಸಮಾಜ ಸುಧಾರಣೆಯ ಆ ಹೆಜ್ಜೆಯನ್ನು ಇಂದು ಯಾರೂ ತಪ್ಪೆನ್ನಲಾರರು. ಆದರೆ ಪದ್ಧತಿಯೊಂದಿಗೆ ಕಲೆಯೂ ಕೊಚ್ಚಿಹೋಗುವ ಅಪಾಯ ಇತ್ತೆಂಬುದೂ ಅಷ್ಟೇ ನಿಜ. ಉಳಿದಿದ್ದ ದೊಡ್ಡ ಆಸರೆ ಅರಮನೆ.

ತಾಯಮ್ಮನವರ ಶಿಷ್ಯೆಗೆ ಹೆಜ್ಜೆ ಕಲಿತರೆ ಸಾಲುತ್ತಿರಲಿಲ್ಲ. ಶ್ಲೋಕದ ಒಳಾರ್ಥ ತಿಳಿಯದೆ ಅಭಿನಯವಿಲ್ಲ. ಆದ್ದರಿಂದ ದೇವೋತ್ತಮ ಜೋಯಿಸರಂಥ ಆಸ್ಥಾನ ವಿದ್ವಾಂಸರ ಬಳಿ ಸಂಸ್ಕೃತ ಪಾಠ, ಬಿ. ದೇವೇಂದ್ರಪ್ಪನವರ ಬಳಿ ಕರ್ನಾಟಕ ಸಂಗೀತ. ತಾಂಡ್ಯದಲ್ಲಿ ಲಂಬಾಣಿ ನುಡಿ ಕೇಳುತ್ತ ಬೆಳೆದ ಮಗು ಜಯದೇವನ ಅಷ್ಟಪದಿಯನ್ನೂ ಕ್ಷೇತ್ರಯ್ಯನ ತೆಲುಗು ಪದಗಳನ್ನೂ ಬಾಯಿಪಾಠ ಮಾಡಿ, ಅರ್ಥ ಬಿಡಿಸಿ, ಹಾಡಿ ಅಭಿನಯಿಸಬೇಕಿತ್ತು. ತಾನೇ ಹಾಡುತ್ತ ತಾನೇ ಅಭಿನಯಿಸುವುದು ಈ ಪರಂಪರೆಯ ವೈಶಿಷ್ಟ್ಯ. ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಹೊಸ ಭಾವ ತೋರಬೇಕು. ಹಿಂದಿನ ಸಲ ತೋರಿದ್ದು ಮರುಕಳಿಸಿತೋ, ರಸಿಕರು ಗುರುತಿಸಿಬಿಡುತ್ತಿದ್ದರು. ಇಂದಿನ ವೇದಿಕೆಗಳಲ್ಲಿ ಮಿಂಚುವ ವೇಗದ ಅಡವುಗಳಿಗಿಂತ ಇದು ಕಷ್ಟದ ವಿದ್ಯೆ ಎಂದರೆ ಅತಿಶಯೋಕ್ತಿಯಾಗದು.

ಹನ್ನೆರಡನೆಯ ವಯಸ್ಸಿನಲ್ಲಿ ರಂಗಪ್ರವೇಶವಾಯಿತು. ಅಲ್ಲಿಂದ ಸುಮಾರು ಮೂವತ್ತು ವರ್ಷ ಗುರುವಿನ ಜೊತೆಯಲ್ಲೇ ನರ್ತಿಸಿದರು. ಶಿಷ್ಯೆ ಬೆಳೆದ ಮೇಲೆ ಬೇರೆಯಾಗಿ ಮೇಳ ಕಟ್ಟುವುದು ಲೋಕರೂಢಿ. ವೆಂಕಟಲಕ್ಷ್ಮಮ್ಮ ಆ ದಾರಿ ಹಿಡಿಯಲಿಲ್ಲ. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯನ್ನಾಗಿ ನೇಮಿಸಿದರು. ಮರುವರ್ಷವೇ ಮಹಾರಾಜರು ತೀರಿಕೊಂಡರು. ಜಯಚಾಮರಾಜ ಒಡೆಯರ ಕಾಲದಲ್ಲೂ ಸೇವೆ ಮುಂದುವರಿಯಿತು. 1947ರಲ್ಲಿ ತಾಯಮ್ಮನವರೂ ಕಾಲವಾದರು. ರಾಜ್ಯ ಭಾರತದಲ್ಲಿ ವಿಲೀನಗೊಂಡಿತು. ಆಸರೆಗಳು ಒಂದೊಂದಾಗಿ ಕಳಚಿದ ಮೇಲೆ ವೆಂಕಟಲಕ್ಷ್ಮಮ್ಮ ಭಾರತೀಯ ನೃತ್ಯ ನಿಕೇತನ ಎಂಬ ಶಾಲೆ ತೆರೆದು ಪಾಠಕ್ಕೆ ಕುಳಿತರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಇದಕ್ಕೆ ದಾರಿ ಮಾಡಿದವರಲ್ಲಿ ತಾಯಮ್ಮನವರ ಇನ್ನೊಬ್ಬ ಶಿಷ್ಯ ಯು.ಎಸ್. ಕೃಷ್ಣರಾವ್ ಅವರನ್ನು ನೆನೆಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಈ ಪ್ರಾಧ್ಯಾಪಕರು ಪತ್ನಿ ಚಂದ್ರಭಾಗಾದೇವಿಯವರೊಡನೆ ವೇದಿಕೆಯೇರಿದಾಗ, ನಾಟ್ಯ ಮರ್ಯಾದಸ್ಥರಿಗೆ ಸಲ್ಲದೆಂಬ ಮಾತಿನ ಬಲ ಕುಗ್ಗಿತು. ಕೃಷ್ಣರಾಯರು ಕಾಲೇಜಿನಿಂದ ನಾಟ್ಯಕ್ಕೆ ಬಂದವರು. ನಾಟ್ಯದಿಂದ ಕಾಲೇಜಿಗೆ ಹೋದ ವೆಂಕಟಲಕ್ಷ್ಮಮ್ಮನವರ ದಾರಿ ಇನ್ನೂ ಕಡಿದಾದದ್ದು.

1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆಗಿ ವೆಂಕಟಲಕ್ಷ್ಮಮ್ಮನವರೇ ನೇಮಕಗೊಂಡರು. ಆಗ ಅವರಿಗೆ ಐವತ್ತೊಂಬತ್ತು. ಆ ಹುದ್ದೆಗೆ ಬೇಕಾದ ಯೋಗ್ಯತೆಯನ್ನು ಅವರು ಗಳಿಸಿದ್ದು ಗುರುವಿನ ಮನೆಯಲ್ಲಿ, ಅರಮನೆಯ ದರ್ಬಾರಿನಲ್ಲಿ. ಒಂದು ತಲೆಮಾರಿನ ಹಿಂದೆ ಯಾವ ಮನೆಗಳು ನಾಟ್ಯದ ಹೆಂಗಸರನ್ನು ಹೊಸ್ತಿಲಾಚೆಯೇ ನಿಲ್ಲಿಸಿದ್ದವೋ ಅಂಥ ಮನೆಗಳ ಹೆಣ್ಣುಮಕ್ಕಳು ಈಗ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಅವರ ಮುಂದೆ ಕೈಮುಗಿದು ಕುಳಿತರು. ಈ ತಿರುವಿನ ಮಹತ್ತ್ವವನ್ನು ನಮ್ಮ ಸಾಂಸ್ಕೃತಿಕ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲವೆಂದೇ ತೋರುತ್ತದೆ.

ಕಾಲೇಜಿನ ಕ್ರಮಕ್ಕೆ ಹೊಂದುವುದು ಈ ವಿದ್ಯೆಗೆ ಸುಲಭವಲ್ಲ. ಮೂವತ್ತು ವರ್ಷ ಜೊತೆಗಿದ್ದು ಕಲಿತದ್ದನ್ನು ಗಂಟೆ ಹೊಡೆಯುವ ತರಗತಿಗೆ, ಪಠ್ಯಕ್ರಮಕ್ಕೆ, ಪರೀಕ್ಷೆಗೆ ಅಳೆದು ಕೊಡಬೇಕು. ಪ್ರತಿ ಸಲ ಬದಲಾಗಬೇಕಾದ ಭಾವಕ್ಕೆ ಅಂಕ ಹಾಕುವುದೆಂತು? ಕಾಲೇಜು ಈ ಕಲೆಗೆ ಮರ್ಯಾದೆ ಕೊಟ್ಟಿತು, ಬದಲಿಗೆ ಬಿಡುವನ್ನು ಕಿತ್ತುಕೊಂಡಿತು. ಇತ್ತ ತಂಜಾವೂರು ಕಡೆಯ ಪಂದನಲ್ಲೂರು ಶೈಲಿ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಜನಪ್ರಿಯವಾಗುತ್ತ ಬಂತು. ಅದರ ಮುಂದೆ, ನಿಧಾನವೇ ಜೀವಾಳವಾದ ಮೈಸೂರು ಶೈಲಿ ಹಿಂದೆ ಸರಿಯಿತು.

ಒಂಬತ್ತು ವರ್ಷದ ಬೋಧನೆಯ ನಂತರ 1974ರಲ್ಲಿ ಅವರು ನಿವೃತ್ತರಾದರು. ಪಾಠ ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ನೂಪುರ ನೃತ್ಯಶಾಲೆಯನ್ನು ಕಟ್ಟಿದ ಲಲಿತಾ ಶ್ರೀನಿವಾಸನ್ ಅವರಂಥ ಕಲಾವಿದೆಯರು ಅವರ ಬಳಿ ಕಲಿತು, ಜಾವಳಿ, ಅಷ್ಟಪದಿಗಳನ್ನು ಮತ್ತೆ ವೇದಿಕೆಗೆ ತಂದರು. ಪ್ರಶಸ್ತಿಗಳೂ ಬಂದವು: 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1977ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1992ರಲ್ಲಿ ಪದ್ಮಭೂಷಣ, ಬಳಿಕ ರಾಜ್ಯ ಸರ್ಕಾರದ ನಾಟ್ಯರಾಣಿ ಶಾಂತಲಾ ಪ್ರಶಸ್ತಿ.

ಇಳಿವಯಸ್ಸಿನಲ್ಲಿ ಅವರು ಕುಳಿತಲ್ಲೇ ಹಾಡಿ, ಕಣ್ಣು, ಹುಬ್ಬು, ಬೆರಳುಗಳಿಂದ ಅಭಿನಯ ಹೇಳಿಕೊಡುತ್ತಿದ್ದರು. 2002ರ ಜುಲೈ 1ರಂದು, ತೊಂಬತ್ತಾರರ ವಯಸ್ಸಿನಲ್ಲಿ ನಿಧನರಾದರು. ಅಷ್ಟು ಹೊತ್ತಿಗೆ ಅವರ ಶಿಷ್ಯೆಯರ ಶಿಷ್ಯೆಯರೂ ಗೆಜ್ಜೆ ಕಟ್ಟಿದ್ದರು.